ಸೂಜಿಮೊನೆಯಷ್ಟು

ಚಿಕ್ಕಮಗಳೂರು ದಾಟಿ ಕಡೂರು ದಾರಿಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಸ್ಯಾಂಪಲ್ ಕೋಣೆ ನನ್ನದು.
ಮುನ್ನೂರು ಗ್ರಾಂ ಬೀಜ ಕಪ್ಪು ತಟ್ಟೆಗೆ ಸುರಿದು
ಒಡಕು, ಕರಿದು, ಜೊಳ್ಳು ಬೇರೆ ಮಾಡಿ
ತೂಕ ಬರೆದು ಸಹಿ ಹಾಕಬೇಕು.
ಹತ್ತೊಂಬತ್ತು ವರ್ಷ. ಕೈ ತಪ್ಪಿದ್ದು ಕಡಿಮೆ.

ಉಲ್ಲಾಸ್ ಸರ್ ಬೈಯುವವರಲ್ಲ,
ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ.
ಬೆಳಿಗ್ಗೆ ಸಾಲಾಗಿ ಎಲ್ಲರಿಗೂ ನಮಸ್ಕಾರ,
ನನ್ನ ಮೇಜು ಬಂದಾಗ ಫೋನು.
ಬರದ ಫೋನನ್ನೂ ಎತ್ತಬಹುದು ಅಂತ
ಅವರನ್ನು ನೋಡಿಯೇ ಕಲಿತೆ.

ಮೊನ್ನೆ ಸೇರಿದ ಹುಡುಗ ಪ್ರಣೀತನಿಗೆ
‘ಬನ್ನಿ, ಕೂತ್ಕೊಳ್ಳಿ.’
ನನಗೆ ‘ಸಿದ್ದಮ್ಮ, ಅದೊಂದು ತಗೊಂಡ್ಬಾ.’
ವ್ಯಾಕರಣದ ಮೇಲೆ ದೂರು ಬರೆಯಲು
ಯಾವ ನಮೂನೆಯ ಅರ್ಜಿ?

ಈ ಲಾಟಿನಲ್ಲಿ ಬೂಸ್ಟು ವಾಸನೆ ಇದೆ ಸರ್ ಅಂದೆ
ಮೀಟಿಂಗಿನಲ್ಲಿ. ಕಿಟಕಿ ನೋಡಿದರು.
ಟೀ ಬಂತು, ಬಿಸ್ಕತ್ತು ಬಂತು,
ಆಮೇಲೆ ಪ್ರಣೀತ ಅದನ್ನೇ ಅಂದ.
‘ಒಳ್ಳೆ ಪಾಯಿಂಟು’ ಎಂದು ಬರೆದುಕೊಂಡರು.
ಪಾಪ, ಹುಡುಗ ನನ್ನ ಕಡೆ ನೋಡಿದ,
ನಾನು ಬಿಸ್ಕತ್ತು ನೋಡಿದೆ.

ಮನೆಯಲ್ಲಿ ಕೇಳುತ್ತಾರೆ:
ಹೊಡೆದ್ರಾ? ಬೈದ್ರಾ? ಸಂಬಳ ಹಿಡಿದ್ರಾ?
ಇಲ್ಲ.
ಮತ್ತೇನು?
ಆ ‘ಮತ್ತೇನು’ ನನ್ನ ತಕ್ಕಡಿಗೆ ಹತ್ತುವುದಿಲ್ಲ.

ಕಾಯಿಕೊರಕ ಹುಳ ಹಣ್ಣಿನ ಹೊಕ್ಕುಳಲ್ಲಿ
ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ.
ಹೊರಗೆ ಕೆಂಪು ಕೆಂಪು, ನುಣುಪು.
ಬೆಳಕಿಗೆ ಹಿಡಿದು ತಿರುಗಿಸಿದರೆ ಮಾತ್ರ...
ತಿರುಗಿಸುವಷ್ಟು ಪುರುಸೊತ್ತು ಯಾರಿಗಿದೆ.

ನಿನ್ನೆ, ಊಟದ ಬೆಲ್ಲಿಗೆ ಮೊದಲು,
ಬೀಜ ಹೆಕ್ಕುವ ಹಾಲಿನಿಂದ ಅಸ್ಸಾಮಿನ ಹುಡುಗಿ ಬಂದಳು,
ತೂಕದ ಚೀಟಿಗೆ ಸಹಿ ಬೇಕಿತ್ತು.
‘ಅಕ್ಕಾ’ ಅಂದಳು.
ನಾನು ಚಿಮಟಿಗೆ ನಿಲ್ಲಿಸಲಿಲ್ಲ.
ಇನ್ನೊಂದು ಸಲ ‘ಅಕ್ಕಾ’.
ನನಗೆ ಕೇಳಿಸಿತ್ತು.
ಕಾಲು ಬದಲಿಸಿ ನಿಂತಳು, ಚೀಟಿ ಮೇಜಿನ ತುದಿಗಿಟ್ಟಳು,
ಚಪ್ಪಲಿ ಸದ್ದಾಗದಂತೆ ಹೋದಳು.

ಬೀಜ ಎಣಿಸಿದ್ದು ಮರೆತುಹೋಯಿತು.
ಚೀಟಿಯಲ್ಲಿ ಹೆಸರಿತ್ತು: ರೂಪ್‌ಜಾನ್.
ಆರು ತಿಂಗಳಿಂದ ‘ಏ ಹುಡುಗಿ’ ಅನ್ನುತ್ತಿದ್ದೆ.

ಸಹಿ ಹಾಕಿ ನಾನೇ ಹೋದೆ.
ಹಾಲಿನ ತುಂಬ ಧೂಳು, ಬಗ್ಗಿದ ತಲೆಗಳು, ಬಟ್ಟೆ ಕಟ್ಟಿದವು.
ಬಾಗಿಲಲ್ಲಿ ನಿಂತು ಕರೆದೆ,
‘ರೂಪ್‌ಜಾನ್ ಅವರೇ.’

ಯಾರೂ ತಲೆ ಎತ್ತಲಿಲ್ಲ.
ಬೇರೆ ಯಾರನ್ನೋ ಕರೆಯುತ್ತಿದ್ದಾರೆ
ಅಂದುಕೊಂಡಿರಬೇಕು.