ಮೂವತ್ತೊಂದರಲ್ಲಿ ನಿಂತ ಮುಳ್ಳು

ಔಲು ಪಟ್ಟಣದಲ್ಲಿ ಡಿಸೆಂಬರಿನ ಸೂರ್ಯ
ಹತ್ತೂವರೆಗೆ ಕದ ತೆರೆದು
ಎರಡಕ್ಕೆಲ್ಲ ಅಂಗಡಿ ಮುಚ್ಚುತ್ತಾನೆ.
ಅಷ್ಟರೊಳಗೆ ಕೊಂಡರೆ ಕೊಂಡೆವು,
ನಮ್ಮಂಥ ಬೆಳಕಿನ ಗಿರಾಕಿಗಳು.

ತೌನೋ ತನ್ನ ಕ್ಯಾಮೆರಾ ಮಾರಿ ಹದಿನೇಳು ವರ್ಷ.
ರೀಲಿನ ಕಾಲ ಮುಗಿಯಿತೆಂದು ಅಂದು ಕೈ ತೊಳೆದುಕೊಂಡಿದ್ದ,
ನಿಜವಾಗಿಯೂ ತೊಳೆದುಕೊಂಡಿದ್ದ,
ಹೈಪೋ ವಾಸನೆ ಹೋಗಲೆಂದು ನಿಂಬೆ ಉಜ್ಜಿ.
ಮೊನ್ನೆ ಹಳೇ ಸಾಮಾನಿನ ಸಂತೆಯಲ್ಲಿ, ಸ್ಕೇಟುಗಳ ನಡುವೆ,
ಅದೇ ಕ್ಯಾಮೆರಾ.
ತಳದಲ್ಲಿ ತಾನೇ ಮೊಳೆಯಿಂದ ಗೀರಿದ ಅಕ್ಷರ.
ಮಾರಿದ್ದಕ್ಕಿಂತ ದುಪ್ಪಟ್ಟು ಬೆಲೆ.
ಚೌಕಾಸಿ ಮಾಡಲು ನಾಚಿಕೆಯಾಯಿತಂತೆ.

ಒಳಗೆ ರೀಲಿತ್ತು. ಎಣಿಕೆಯ ಮುಳ್ಳು ಮೂವತ್ತೊಂದರಲ್ಲಿ.
'ಐದು ಉಳಿದಿವೆ' ಎಂದ,
ಎಂಜಲೋ ಪ್ರಸಾದವೋ ತಿಳಿಯದವನಂತೆ.

ಇರ್ಮೆಲಿ ನಕ್ಕಳು. ಅವಳದು ಹೊಸ ಡಿಜಿಟಲ್,
ಕಾಗೆ ರೆಕ್ಕೆ ಬಿಚ್ಚುವುದರೊಳಗೆ ನಲವತ್ತು ಚಿತ್ರ.
ಕೂತು ಅಳಿಸುವುದೇ ಅವಳ ರಾತ್ರಿಯ ಜಪ.

ಮೂವರೂ ಸಮುದ್ರದ ಮೇಲೆ ನಡೆದೆವು.
ಹೆಪ್ಪುಗಟ್ಟಿತ್ತು. ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಇರ್ಮೆಲಿಯ ಬ್ಯಾಟರಿ ಅವಳ ಕಂಕುಳಲ್ಲಿ;
ತೆಗೆದು ಹಾಕಿದರೆ ಎರಡು ಚಿತ್ರ, ಮತ್ತೆ ನಿದ್ದೆ.
ತೌನೋ ಲಿವರ್ ಎಳೆಯುತ್ತಿದ್ದ,
ಒಣ ರೊಟ್ಟಿ ಮುರಿಯದಂತೆ ಎತ್ತುವವರ ಹಾಗೆ:
ಈ ಚಳಿಗೆ ರೀಲು ಚಟ್ಟನೆ ತುಂಡಾಗುತ್ತದೆ.
ನನ್ನ ಚೀಲದಲ್ಲಿ ಎರಡೂ ಬಗೆಯವಿದ್ದವು.
ಎರಡು ಮನೆಗೆ ಕರೆಸಿಕೊಂಡ ನೆಂಟ ಉಪವಾಸ ಬಿದ್ದಂತೆ
ಒಂದನ್ನೂ ಹೊರತೆಗೆಯಲಿಲ್ಲ.

ಗುರುವಾರ ಏಳರಿಂದ ಎಂಟು
ನಮ್ಮ ಕಟ್ಟಡದ ಸೌನಾ ತೌನೋನ ಪಾಳಿ.
ಒಲೆ ಹೊತ್ತಿಸಲಿಲ್ಲ.
ಕಿಟಕಿಯಿಲ್ಲದ ಕೋಣೆ, ಬಾಗಿಲ ಸಂದಿಗೆ ಟವೆಲು,
ಕತ್ತಲಲ್ಲಿ ಬರ್ಚ್ ಎಲೆಯ ವಾಸನೆ.
ರೀಲು ಸುತ್ತುವ ಬೆರಳಿಗೆ
ಹದಿನೇಳು ವರ್ಷ ಲೆಕ್ಕಕ್ಕೇ ಇರಲಿಲ್ಲ,
ಬಾಯಿ ಮಾತ್ರ ಶಪಿಸುತ್ತಿತ್ತು.
ಮದ್ದು ಹುಯ್ದು ಇನ್ನೂ ನಾಲ್ಕು ನಿಮಿಷವಾಗಿಲ್ಲ,
ಮೂರನೇ ಮಹಡಿಯ ಮೊಯ್ಲನೆನ್ ಬಾಗಿಲು ಬಡಿದರು,
ಸೊಂಟಕ್ಕೊಂದು ಟವೆಲು ಸುತ್ತಿ:
ಎಂಟಾಯಿತು.
ಡಬ್ಬಿ ಹೊತ್ತು ಮೆಟ್ಟಿಲು ಹತ್ತಿದೆವು
ಕುಲುಕುತ್ತ, ಕುಲುಕುತ್ತ.

ಬಚ್ಚಲಲ್ಲಿ ತೊಳೆದು ತೂಗುಬಿಟ್ಟಾಗ
ಯಾರೋ ತೆಗೆದ ಆ ಮೂವತ್ತೊಂದೂ ನಾಯಿ.
ಒಂದೇ ನಾಯಿ.
ಸೋಫಾದ ಮೇಲೆ. ಸೋಫಾದ ಕೆಳಗೆ.
ದೋಣಿಯಲ್ಲಿ, ಬಾಲ ಮಾತ್ರ.
ಫೋಕಸ್ ಒಂದರಲ್ಲೂ ಇಲ್ಲ.
ಕೊನೆಯ ಐದು ತೌನೋನವು:
ಹಿಮ, ದಿಗಂತ, ಹಿಮ,
ಕೂದಲೆಳೆಯಷ್ಟೂ ತಪ್ಪಿಲ್ಲದವು.
ಅವನು ಬಹಳ ಹೊತ್ತು ನೋಡಿದ.

ಒಣಗಿದ ಮೇಲೆ ಇರ್ಮೆಲಿ
ಬೆಳಕಿನ ಹಲಗೆಯ ಮೇಲೆ ಪಟ್ಟಿಯನ್ನಿಟ್ಟು
ತನ್ನ ಡಿಜಿಟಲ್‌ನಿಂದ ಒಂದೊಂದಾಗಿ ತೆಗೆದಳು, ತಿರುವು ಮಾಡಿದಳು.
ನೆಗೆಟಿವ್‌ನಲ್ಲಿ ಬೆಳ್ಳಗೆ ಮಲಗಿದ್ದದ್ದು
ಪರದೆಯ ಮೇಲೆ ಕರ್ರಗೆ ಎದ್ದು ಕೂತಿತು.
'ನನ್ನವು ಬೇಡ' ಎಂದ ತೌನೋ, 'ನಾಯಿಯದು ಪೂರ್ತಿ ಇರಲಿ.'

ಶನಿವಾರ ಮತ್ತೆ ಸಂತೆಗೆ ಹೋಗಿ
ಕ್ಯಾಮೆರಾ ಯಾರದಿತ್ತು ಎಂದು ಕೇಳಿದ.
ಮಾರಿದವನು ಒಂದು ಜೊತೆ ಸ್ಕೇಟು ಎತ್ತಿ ಹಿಡಿದು
ನಿಮ್ಮ ಕಾಲಿನ ಅಳತೆ ಎಷ್ಟು ಎಂದ.