ಹಿಂದಿನ ಜೇಬು, ಬಲಗಡೆಯದು

ಕೌಲ್‌ಬಜಾರಿನ ಎರಡನೇ ಮಹಡಿಯಲ್ಲಿ
ನಾನು ಜೇಬು ಹೊಲಿಯುತ್ತೇನೆ.
ಬರೀ ಜೇಬು. ಅದೂ ಹಿಂದಿನದು, ಬಲಗಡೆಯದು.
ಎಡಗಡೆಯದು ಶೇಕಮ್ಮನ ಪಾಲು,
ಜಿಪ್ಪು ಗಾದಿಲಿಂಗನದು,
ಗುಂಡಿ ಹೊಡೆಯುವ ಹುಡುಗ
ಯಾವೂರವನೋ, ತಿಂಗಳಿಗೊಬ್ಬ ಬದಲಾಗುತ್ತಾನೆ.
ಇಡೀ ಪ್ಯಾಂಟನ್ನು ನಾನು ಕಂಡದ್ದು
ಮೋತಿ ಸರ್ಕಲ್ಲಿನ ಅಂಗಡಿಯಲ್ಲಿ,
ತಲೆಯಿಲ್ಲದ ಗೊಂಬೆಯ ಸೊಂಟಕ್ಕೆ.

ನನ್ನ ಚೂಡಿದಾರಕ್ಕೆ ಜೇಬಿಲ್ಲ.
ಮೊಬೈಲು ಇರುವುದು ಮಿಷನ್ನಿನ ಖಾನೆಯೊಳಗೆ
ಬಾಬಿನ್ನು, ಮುರಿದ ಸೂಜಿ,
ಕಾಗದದಲ್ಲಿ ಸುತ್ತಿಟ್ಟ ಅರ್ಧ ಮಿರ್ಚಿಯ ಪಕ್ಕ.
ಅದರ ಗಾಜಿಗೆ ಮೂಲೆಯಿಂದ ಮೂಲೆಗೊಂದು ಬಿರುಕು.
ಪಿಡಿಎಫ್ ತೆರೆದರೆ ಬೇಡಿಕೆಯ ರೇಖೆ ಯಾವುದು
ಬಿರುಕು ಯಾವುದು, ಮೊದಮೊದಲು ತಿಳಿಯುತ್ತಿರಲಿಲ್ಲ.
ಎರಡೂ ಎಡದ ಮೇಲಿಂದ
ಬಲದ ಕೆಳಕ್ಕೇ ಇಳಿಯುತ್ತವಲ್ಲ.

ವಾರಕ್ಕೆರಡು ದಿನ ಯೂನಿವರ್ಸಿಟಿಯ ಬೆಂಚಿಗೆ ನಾನೂ ಇದ್ದೇನೆ.
ಉಳಿದ ನಾಲ್ಕು ದಿನ ಹೊನ್ನೂರಬೀಯೇ ನನ್ನ ಕಿವಿ.
ಮೊದಲ ಸಾಲಿನಲ್ಲಿ ಕೂತು, ಸರ್‌ಗೆ ಹೇಳಿಯೇ,
ರೆಕಾರ್ಡು ಒತ್ತಿ, ಮೊಬೈಲನ್ನು ಬೋರಲು ಮಲಗಿಸುತ್ತಾಳೆ.
ರಾತ್ರಿ ಹನ್ನೆರಡಕ್ಕೆ ಅವತ್ತಿನ ಡೇಟಾ ಸಾಯುತ್ತದೆ;
ಹನ್ನೊಂದೂವರೆಗೆ ನನ್ನ ದಿಂಬಿನಡಿ
ಅರ್ಥಶಾಸ್ತ್ರ ಬಂದು ಬೀಳುತ್ತದೆ.

ಸರ್ ಒಂದೂವರೆ ಪಟ್ಟು ವೇಗದಲ್ಲಿ ಮಾತಾಡಿದರೆ
ನನ್ನ ಸೂಜಿಗೂ ಅವರ ನಾಲಗೆಗೂ ಜೋಡಿ ಕೂಡುತ್ತದೆ.
ಒಂದೇ ಪಟ್ಟಿಗೆ ಬಿಟ್ಟರೆ ಕಾಲೂ ನಿಧಾನ, ಕೂಲಿಯೂ ಕಡಿಮೆ.
ಎರಡಕ್ಕೆ ಏರಿಸಿದರೆ ಸರ್ ಗುಬ್ಬಿಯಾಗುತ್ತಾರೆ.
ಸೋಮವಾರ ಎದುರಿಗೇ ನಿಂತು
ತಮ್ಮ ಸ್ವಂತ ವೇಗದಲ್ಲಿ ಪಾಠ ಶುರು ಮಾಡಿದಾಗ
“ಮೈಯಾಗ ಆರಾಮಿಲ್ಲೇನ್ರಿ ಸರ್?”
ಕೇಳಿಯೇ ಬಿಟ್ಟೆ ಒಮ್ಮೆ.

ಶ್ರಮ ವಿಭಜನೆಯ ಪಾಠ ಕಿವಿಗೆ ಬಂದ ದಿನ
ಒಬ್ಬರು ಒಂದೇ ಕೆಲಸ ಮಾಡಿದರೆ
ಕೈ ಚುರುಕಾಗುತ್ತದೆ ಅಂದರು ಸರ್. ನಾನು ನಕ್ಕೆ.
ಶೇಕಮ್ಮ ಹುಬ್ಬೇರಿಸಿದಳು. ಯಾರ ಕೂಡ ನಗು?
ಒಂದು ಇಯರ್‌ಫೋನು ಕಿತ್ತು ಅವಳ ಕಿವಿಗಿಟ್ಟೆ.
ನಾಲ್ಕು ಜೇಬು ಮುಗಿಯುವವರೆಗೆ ಕೇಳಿ
ಸೆರಗಿಗೆ ಒರೆಸಿ ವಾಪಸು ಕೊಟ್ಟಳು:
“ಕೈ ಚುರುಕಾಗ್ತತಿ ಬಿಡು, ಸುಳ್ಳಲ್ಲ.
ಬೆನ್ನಿಂದು ಯಾವಾಗ ಹೇಳ್ತಾರಂತೆ ನಿಮ್ ಸರು?”

ಆ ಪ್ರಶ್ನೆಯನ್ನು ಮುಂದಿನ ಸೋಮವಾರ ನಾನು ಕೇಳಿದೆ.
ಸರ್ ಸೀಮೆಸುಣ್ಣ ಹಿಡಿದು ಹಾಗೇ ನಿಂತರು.
ಆ ಮೌನವೂ ರೆಕಾರ್ಡಾಗಿದೆ,
ಹನ್ನೊಂದು ಸೆಕೆಂಡು; ಒಂದೂವರೆ ಪಟ್ಟಿನಲ್ಲಿ ಏಳು.

ಪ್ರತಿ ಪಾಠದ ಬಾಲಕ್ಕೆ
ಬೆಂಚು ಎಳೆದ ಸದ್ದು, ಚಪ್ಪಲಿಗಳು,
ಆಮೇಲೆ ತೀರಾ ಹತ್ತಿರದಿಂದ ಹೊನ್ನೂರಬೀ:
“ಎರ್ರೀ, ಉಂಡ್ಯಾ?”
ಅದನ್ನು ಮಾತ್ರ ಒಂದೇ ಪಟ್ಟಿಗೆ ಇಳಿಸಿ ಕೇಳುತ್ತೇನೆ.
ಜಾಗ ಇಲ್ಲ ಎಂದು ಮೊಬೈಲು ಹಟ ಹಿಡಿದಾಗ
ಅಣ್ಣನ ಮದುವೆಯ ಇನ್ನೂರು ಫೋಟೋ ಅಳಿಸಿದೆ.
ಅವನಿಗಿನ್ನೂ ಹೇಳಿಲ್ಲ.

ಪರೀಕ್ಷೆಯ ದಿನ ಮೊಬೈಲುಗಳೆಲ್ಲ ಬಾಗಿಲಾಚೆ
ಬ್ಯಾಗುಗಳ ಗುಡ್ಡೆಯಲ್ಲಿ ಬಾಯಿ ಮುಚ್ಚಿ ಬಿದ್ದಿದ್ದವು.
ಮೂರನೇ ಪ್ರಶ್ನೆಗೆ ತಲೆ ಖಾಲಿ.
ಹಾಳೆಯ ಅಂಚಿಗೆ ಕಾಲಿಂಚು ಬಿಟ್ಟು ಗೆರೆ ಎಳೆದೆ,
ಜೇಬಿಗೆ ಬಿಡುವಷ್ಟೇ. ಬೆಂಚಿನಡಿ ಕಾಲು
ತನ್ನಷ್ಟಕ್ಕೆ ತಾನು ಒತ್ತತೊಡಗಿತು.
ಮೇಲ್ವಿಚಾರಕರು ಬಗ್ಗಿ ನೋಡಿದರು. ಚಪ್ಪಲಿ ಅಷ್ಟೇ.
ಮೊದಲು ಫ್ಯಾನು ಕೇಳಿತು,
ಡಸ್ಟರು ಮೇಜಿಗೆ ಬಡಿದದ್ದು, ಒಂದು, ಎರಡು ಕಾರಣ.
ಇಲ್ಲಿ ಹೊನ್ನೂರಬೀ ಕೆಮ್ಮಬೇಕು.
ಅವಳು ಕೆಮ್ಮಿದ ಮೇಲೆ
ಮೂರನೆಯ ಕಾರಣ ಬರುತ್ತದೆ.

ಬಂತು.