ಬಿಣಗಾ ಏರಿನ ಸದ್ದು

ಕೋಡಿಬಾಗದಿಂದ ಅಮದಳ್ಳಿಯ ಶಾಲೆಗೆ
ಹೋಗಿಬರುವ ನನ್ನ ಸ್ಕೂಟರಿಗೆ
ಬಿಣಗಾ ಏರು ಹತ್ತುವಾಗ ಮಾತ್ರ ಒಂದು ಸದ್ದು:
ಡಬ್ಬಿಯಲ್ಲಿ ಹುಣಸೆಬೀಜ ಹಾಕಿ
ಯಾವುದೋ ಮಗು ಅಲ್ಲಾಡಿಸಿದ ಹಾಗೆ.

ಪೇಟೆಯ ಗ್ಯಾರೇಜಿನಲ್ಲಿ ಹೇಳಿದೆ.
ಆತ ನನ್ನ ಹೆಗಲ ಮೇಲಿಂದ ರಸ್ತೆಯನ್ನು ನೋಡಿದ,
ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು.
"ಬಾಯೀ, ಮನೆಯವರನ್ನೇ ಕಳಿಸಿ, ಅವರ ಹತ್ತಿರ ಹೇಳ್ತೆ."
ಮನೆಯವರಿಗೆ ಸೈಕಲ್ಲಿನ ಚೈನು ಹಾಕಲೂ ಬಾರದು.
ಹೋದರು. ತಲೆಯಾಡಿಸಿದರು.
ಕ್ಲಚ್ಚು ಹೊಸದಾಯಿತು, ಎರಡು ಸಾವಿರದ ಎಂಟುನೂರು.
ಸದ್ದು ಹಳೆಯದೇ ಇತ್ತು.

ಎರಡನೇ ಸಲ ನಾನೇ ಹೋದಾಗ
"ಹೆಂಗಸರು ಆಕ್ಸಿಲೇಟರ್ ತಿರುಗಿಸೋದೇ ಹಾಗೆ" ಅಂದ.
ಪಂಕ್ಚರ್ ಹಾಕುವ ಹುಡುಗ ಕಿಸಕ್ಕೆಂದ.
ನಾಲ್ಕನೇ ಇಯತ್ತೆಗೆ ಭಾಗಾಕಾರ ಕಲಿಸುವ ನಾನು
ಲೆಕ್ಕ ತಪ್ಪಿದ ಮಗುವಿನಂತೆ
ರಸೀದಿ ಮಡಚಿಕೊಂಡು ಬಂದೆ.
ಸದ್ದು ನನ್ನ ಭ್ರಮೆಯೇ ಇರಬೇಕೆಂದು
ಮತ್ತೆ ಒಂದು ವರ್ಷ ಓಡಿಸಿದೆ.

ಕಡೆಗೆ ಅರಗಾದಲ್ಲಿ,
ನೌಕಾನೆಲೆಯ ಉದ್ದ ಗೋಡೆಯ ಎದುರು,
ಗಾಡಿ ತಾನಾಗಿಯೇ ನಿಂತಿತು.
ತಗಡಿನ ಮಾಡು. ಉಪ್ಪುಗಾಳಿ ತಿಂದ ಬೋರ್ಡಿನಲ್ಲಿ
"ಗಂಧಾ ಟೂ ವೀಲರ್" ಎಂಬಷ್ಟೇ ಉಳಿದಿತ್ತು.
ಒಳಗೆ ಒಬ್ಬಳು ಮೊಣಕಾಲೂರಿ ಬಾಗಿದ್ದಳು,
ಚೂಡಿದಾರದ ಮೇಲೆ ಗಂಡಸರ ಅಂಗಿ.
ನಾನು ಕೇಳಿದೆ
(ಇದನ್ನು ಬರೆಯದೆ ಬಿಡಬಹುದಿತ್ತು, ಬಿಡುವುದಿಲ್ಲ):
"ಮೆಕ್ಯಾನಿಕ್ ಇಲ್ವಾ?"

ಆಕೆ ತಲೆ ಎತ್ತಲಿಲ್ಲ.
"ಇದ್ದಾಳೆ. ಕೂತ್ಕೊಳ್ಳಿ."

ಎಣ್ಣೆಬೆರಳ ಗುರುತಿನ ವಹಿ ತೆರೆದು, "ಹೆಸರು?"
ರೂಢಿಯಂತೆ ಹೇಳಿದೆ: ದಿಗಂಬರ ಶೇಟ.
"ಗಾಡಿ ಹೊಡೆಯೋದು ಅವರಾ?"
"ಅಲ್ಲ, ನಾನು."
ಪೆನ್ನು ಕಾಯುತ್ತ ನಿಂತಿತು.
ನೂತನಾ, ಅಂದೆ.

"ಸದ್ದು ಹೇಗೆ ಬರ್ತದೆ, ಮಾಡಿ ತೋರಿಸಿ."
ನಲವತ್ತಾರರ ನಾನು ಹೆದ್ದಾರಿಯ ಪಕ್ಕ ನಿಂತು
ಬಾಯಲ್ಲಿ ಕಟಕಟಕಟ ಅಂದೆ.
ಆಕೆ ನಗಲಿಲ್ಲ. ಕಣ್ಣು ಮುಚ್ಚಿ ಕೇಳಿದಳು.
"ಏರಿನಲ್ಲಿ ಮಾತ್ರ?" ಹೌದು.
"ಎಳೆಯೋದಿಲ್ಲ?" ಹೌದು, ಹೌದು.
ಡಾಕ್ಟರೂ ನನ್ನನ್ನು ಇಷ್ಟು ವಿಚಾರಿಸಿದ್ದಿಲ್ಲ.

ಸುಗಂಧಾ ತಾಂಡೇಲ.
"ಹೆಸರಿಗೂ ವಾಸನೆಗೂ ಸಂಬಂಧ ಇಲ್ಲ" ಎಂದು
ಪೆಟ್ರೋಲಿನಲ್ಲಿ ಕೈ ತೊಳೆಯುತ್ತ ತಾನೇ ಅಂದಳು.
ಕಲಿಯುವಾಗ ಮೊದಲ ಆರು ತಿಂಗಳು
ಕೈಗೆ ಪಾನಾ ಕೊಡಲಿಲ್ಲವಂತೆ, ಪೊರಕೆ ಕೊಟ್ಟರಂತೆ.
ಗುಡಿಸುವಾಗ ಸಿಕ್ಕ ನಟ್ಟುಗಳನ್ನೆಲ್ಲ ಹೆಕ್ಕಿ
ಯಾವುದು ಯಾವ ಗಾಡಿಯದೆಂದು
ಬಾಯಿಪಾಠ ಮಾಡಿದಳಂತೆ.

ಅಷ್ಟರಲ್ಲಿ ಒಂದು ಬುಲೆಟ್ಟು.
ಇಳಿದವನು ನನ್ನನ್ನು ನೋಡಿದ, ಅವಳನ್ನು ನೋಡಿದ,
ಗೋಡೆಯ ಕ್ಯಾಲೆಂಡರನ್ನೂ ನೋಡಿದ:
"ಮೆಕ್ಯಾನಿಕ್ ಇಲ್ವಾ?"
"ಇದ್ದಾಳೆ. ಕೂತ್ಕೊಳ್ಳಿ."
ಅದೇ ದನಿ, ಹೆಚ್ಚಿಲ್ಲ ಕಡಿಮೆಯಿಲ್ಲ,
ಬಂಗುಡೆಯ ರೇಟು ಹೇಳಿದ ಹಾಗೆ.
ನಾನು ನನ್ನ ಚಪ್ಪಲಿಗೆ ಮೆತ್ತಿದ ಮರಳನ್ನು
ನೋಡುತ್ತ ಕೂತೆ.

ಪಕ್ಕದ ಮುಚ್ಚಳ ಬಿಚ್ಚಿ, ಬೆಲ್ಟು ಸರಿಸಿ,
ಆರು ಪುಟ್ಟ ರೋಲರುಗಳನ್ನು ನನ್ನ ಅಂಗೈಗೆ ಸುರಿದಳು.
"ಉರುಟಾಗಿ ಇರಬೇಕಿತ್ತು. ಮುಟ್ಟಿ ನೋಡಿ."
ಒಂದೊಂದೂ ಒಂದು ಮಗ್ಗುಲಲ್ಲಿ ಸವೆದು ಚಪ್ಪಟೆ.
"ಉರುಳೋದು ಬಿಟ್ಟು ಜಾರಿದರೆ ಹೀಗೆ."
ಕ್ಲಚ್ಚಿನ ತಪ್ಪಿರಲಿಲ್ಲ. ನನ್ನ ಕೈಯದೂ.
ಮುನ್ನೂರ ಅರವತ್ತು, ಮಜೂರಿ ಸೇರಿ.

ಹೊರಡುವಾಗ ಹೇಳಬೇಕೆಂದಿದ್ದೆ,
ನನ್ನ ಆ ಮೊದಲ ಪ್ರಶ್ನೆಯ ಬಗ್ಗೆ.
ಅವಳಾಗಲೇ ಬುಲೆಟ್ಟಿನ ಬಳಿ,
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ.
ಆತ ಉಸಿರು ಬಿಗಿಹಿಡಿದು ನಿಂತಿದ್ದ.
ಮಾತಾಡುವ ಹೊತ್ತಾಗಿರಲಿಲ್ಲ ಅದು.

ಈಗ ಏರಿನಲ್ಲಿ ಸಮುದ್ರದ್ದಷ್ಟೇ ಸದ್ದು.
ಒಂದು ಹಳೆ ರೋಲರನ್ನು ಕೇಳಿ ತಂದಿದ್ದೆ.
ಶಾಲೆಯ ಮೇಜಿನಲ್ಲಿ, ಗಾಳಿಗೆ ಹಾರುವ ಚೀಟಿಯ ಮೇಲೆ
ಚಪ್ಪಟೆ ಮಗ್ಗುಲು ಕೆಳಗಾಗಿ ಕೂತಿದೆ.
"ಅಕ್ಕೋರೇ, ಇದೆಂಥದು?"
ಹಿಂದಿನ ಬೆಂಚಿನ ದೀಪಾಲಿ.
ಹೆಸರು ಹೇಳಲೆಂದು ಬಾಯಿ ತೆರೆದೆ,
ಮೊದಲು ಬಂದದ್ದು ಕಟಕಟಕಟ.